ಒಂದು ತಿಂಗಳ ಅಂತರ

ಕಳೆದ ಬೇಸಿಗೆಯ ಒಂದು ರಾತ್ರಿ ದೆಹಲಿಯ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಮೇಣದಬತ್ತಿ ಎಲ್ಲಿದೆಯೆಂದು ಹೆಂಡತಿ ನೆನಪು ಮಾಡಿಕೊಳ್ಳುವಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು, ಅರ್ಧ ಗಂಟೆಯೊಳಗೆ ಫ್ಯಾನೂ ತಿರುಗಿತು. ಅದೇ ವಾರ ಊರಿನಿಂದ ಅಮ್ಮನ ಫೋನು: ತೋಟದ ಟಿಸಿ (ಟ್ರಾನ್ಸ್‌ಫಾರ್ಮರು) ಸುಟ್ಟು ಐದು ದಿನವಾಗಿತ್ತು, ಅಕ್ಕಪಕ್ಕದವರೆಲ್ಲ ದುಡ್ಡು ಹಾಕಿ ಅದನ್ನು ಟ್ರ್ಯಾಕ್ಟರಿನಲ್ಲಿ ರಿಪೇರಿಗೆ ಸಾಗಿಸಿದ್ದರು.

ಕರ್ನಾಟಕವು ವಿದ್ಯುತ್ ವಿತರಣೆಯನ್ನು ವಲಯವಾರು ಸರ್ಕಾರಿ ಕಂಪನಿಗಳಿಗೆ ಹಂಚಿದ್ದು 2002ರ ಜೂನ್ 1ರಂದು. ದೆಹಲಿಯು ತನ್ನ ಮಂಡಳಿಯನ್ನು ಒಡೆದು, ಮೂರು ವಿತರಣಾ ಕಂಪನಿಗಳಲ್ಲಿ ಶೇ. 51ರಷ್ಟು ಪಾಲನ್ನು ಖಾಸಗಿಯವರಿಗೆ ಒಪ್ಪಿಸಿದ್ದು ಅದೇ ವರ್ಷದ ಜುಲೈ 1ರಂದು. ನಮ್ಮಲ್ಲಿ ಕಚೇರಿಯ ಬೋರ್ಡು ಬದಲಾಯಿತು, ಇಲ್ಲಿ ಯಜಮಾನ ಬದಲಾದ.

ಅದಕ್ಕೂ ಎರಡು ವರ್ಷ ಮೊದಲು ನಾನು ಇಲ್ಲಿಗೆ ಬಂದಾಗ ಅಂಗಡಿಗಳ ಮುಂದೆಲ್ಲ ಜನರೇಟರಿನ ಹೊಗೆ, ಬರಿಯ ತಂತಿಗಳಿಗೆ ರಾಜಾರೋಷವಾಗಿ ಹಾಕಿದ ಕೊಕ್ಕೆಗಳು. ಪೂರೈಸಿದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲಿಗೆ ಹಣವೇ ಬರುತ್ತಿರಲಿಲ್ಲ. ಆ ನಷ್ಟ ಇಂದು ಶೇ. 10ಕ್ಕಿಂತ ಕಡಿಮೆ. ಖಾಸಗಿಯವರನ್ನು ಆರಿಸುವಾಗ ಐದು ವರ್ಷಗಳಲ್ಲಿ ನಷ್ಟವನ್ನು ಎಷ್ಟು ಇಳಿಸುತ್ತೀರಿ ಎಂಬುದನ್ನೇ ಮುಖ್ಯ ಅಳತೆಗೋಲಾಗಿ ಇಟ್ಟಿದ್ದರಿಂದ, ಸೋರಿದ ಯೂನಿಟ್ಟು ಅವರ ಜೇಬಿಗೇ ಕತ್ತರಿ ಹಾಕುವಂತಾಯಿತು. ಕೊಕ್ಕೆ ಹಾಕಲಾಗದ ಹೊದಿಕೆಯ ಕೇಬಲ್ಲುಗಳು ಬಂದವು, ಎಲೆಕ್ಟ್ರಾನಿಕ್ ಮೀಟರುಗಳು ಬಂದವು. (ಹೊಸ ಮೀಟರು ಓಡುತ್ತದೆಂದು ಅಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದ ನಮ್ಮ ಪಕ್ಕದ ಮನೆಯವರು ಇನ್ವರ್ಟರನ್ನು ಗುಜರಿಗೆ ಹಾಕಿ ವರ್ಷಗಳಾದವು.) ನಮ್ಮಲ್ಲೋ, ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆಯನ್ನು ಅಂದಾಜಿನಲ್ಲಿ ಬರೆದುಕೊಳ್ಳುವ ಪದ್ಧತಿಯಿರುವಾಗ, ಸೋರಿದ್ದೆಷ್ಟು, ತೋಟಕ್ಕೆ ಹರಿದದ್ದೆಷ್ಟು ಎಂದು ಲೆಕ್ಕ ಕೇಳುವವರಾದರೂ ಯಾರು?

ಒಪ್ಪಿಕೊಳ್ಳಲೇಬೇಕಾದ ಮಾತುಗಳೂ ಇವೆ. ವೆಚ್ಚಕ್ಕೆ ತಕ್ಕಂತೆ ದರ ಏರಿಸದೆ ಮುಂದೂಡುತ್ತ ಬಂದ ಬಾಕಿ ಈ ಮೂರು ಕಂಪನಿಗಳಲ್ಲಿ ₹27,000 ಕೋಟಿ ದಾಟಿದ್ದು, ಅದನ್ನು ತೀರಿಸಲೇಬೇಕೆಂದು ಸುಪ್ರೀಂ ಕೋರ್ಟು 2025ರ ಆಗಸ್ಟಿನಲ್ಲಿ ಹೇಳಿದೆ. ಎಂದರೆ ನಾನು ಇಷ್ಟು ದಿನ ಹೊಗಳಿದ ಕರೆಂಟಿನ ಪೂರ್ತಿ ಬಿಲ್ಲು ಇನ್ನೂ ನನ್ನ ಕೈಗೆ ಬಂದಿಲ್ಲ. ಒಡಿಶಾವಂತೂ 1999ರಲ್ಲೇ ಖಾಸಗಿಯವರಿಗೆ ಕೊಟ್ಟು, ಹಿಂದಕ್ಕೆ ಪಡೆದು, ಮತ್ತೆ ಕೊಟ್ಟಿದೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದಾಗ ಅವಳು ಸಮಾಧಾನವಾಗಿ ಕೇಳಿಸಿಕೊಂಡು, "ನಿಮ್ಮ ದಿಲ್ಲಿ ಕಂಪನಿ ಹತ್ತು ಪಂಪ್‌ಸೆಟ್ಟಿಗೋಸ್ಕರ ಗುಡ್ಡ ಹತ್ತಿ ಮೂರು ಮೈಲಿ ತಂತಿ ಎಳೀತದೇನೋ?" ಎಂದಳು.