ಸ್ಪಷ್ಟನೆ: ಮೆಕ್ಸಿಕೊದ ‘ಶೇ 90’ ಬಂದೂಕುಗಳ ಲೆಕ್ಕ

ಮೆಕ್ಸಿಕೊದ ಡ್ರಗ್ಸ್ ಗ್ಯಾಂಗ್‌ಗಳ ಕೈಲಿರುವ ಬಂದೂಕುಗಳಲ್ಲಿ ಶೇ 90ರಷ್ಟು ಅಮೆರಿಕದಿಂದ ಕಳ್ಳದಾರಿಯಲ್ಲಿ ಬಂದವು ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಪೂರ್ತಿ ಸುಳ್ಳಲ್ಲ, ಆದರೆ ಹೇಳಿದಷ್ಟು ಸರಳವೂ ಅಲ್ಲ.

2008ರಲ್ಲಿ ಮೆಕ್ಸಿಕೊ ವಶಪಡಿಸಿಕೊಂಡ ಬಂದೂಕುಗಳು ಸುಮಾರು 30,000. ಮೂಲ ಪತ್ತೆಗೆಂದು ಅಮೆರಿಕದ ಬಂದೂಕು ನಿಯಂತ್ರಣ ಸಂಸ್ಥೆಯಾದ ಎಟಿಎಫ್‌ಗೆ ಕಳಿಸಿದ್ದು ಸುಮಾರು 7,200ರ ವಿವರ ಮಾತ್ರ. ಐದು ವರ್ಷಗಳಲ್ಲಿ ಹೀಗೆ ವಶವಾಗಿ ಮೂಲ ಪತ್ತೆಯಾದವುಗಳಲ್ಲಿ ಶೇ 87 ಅಮೆರಿಕದವು ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ಹೇಳಿತು. ಮೂಲ ಪತ್ತೆಯಾದವುಗಳಿಗೆ ಮಾತ್ರ ಸಲ್ಲುವ ಇಂಥ ಲೆಕ್ಕವೇ ಬಾಯಿಂದ ಬಾಯಿಗೆ ‘ಎಲ್ಲ ಬಂದೂಕುಗಳ ಶೇ 90’ ಆಯಿತು. 2009ರಿಂದ 2014ರವರೆಗೆ ಪತ್ತೆಗೆ ಕಳಿಸಿದವುಗಳಲ್ಲಿ ಈ ಪ್ರಮಾಣ ಶೇ 70. ಅಮೆರಿಕದ ಗುರುತು ಇರುವ ಬಂದೂಕನ್ನೇ ಅಮೆರಿಕಕ್ಕೆ ಕಳಿಸುವುದು ಸಹಜವಲ್ಲವೇ?

ಹಾಗೆಂದು ‘ಎಲ್ಲ ಕಟ್ಟುಕತೆ’ ಎನ್ನುವ ಬಂದೂಕು ಹಕ್ಕುವಾದಿಗಳ ಮಾತೂ ನಿಲ್ಲುವುದಿಲ್ಲ. ಶೇ 70 ಸಣ್ಣ ಪಾಲೇನಲ್ಲ. ಗಡಿ ಬಿಗಿ ಮಾಡಿ ಎಂದು ಗಟ್ಟಿಯಾಗಿ ಕೂಗುವವರಲ್ಲಿ ಹಲವರಿಗೆ ಉತ್ತರಕ್ಕೆ ಬರುವ ಡ್ರಗ್ಸ್ ಕಾಣುತ್ತದೆ, ದಕ್ಷಿಣಕ್ಕೆ ಹೋಗುವ ರೈಫಲ್ ಕಾಣುವುದಿಲ್ಲ. ಗಡಿಯಲ್ಲಿರುವ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ಐದು ಕೆಲಸದ ದಿನಗಳೊಳಗೆ ಒಬ್ಬರಿಗೇ ಕೆಲವು ಬಗೆಯ ಎರಡು ಅಥವಾ ಹೆಚ್ಚು ಸೆಮಿ ಆಟೊಮ್ಯಾಟಿಕ್ ರೈಫಲ್ ಮಾರಿದರೆ ವರದಿ ಮಾಡಬೇಕೆಂಬ ನಿಯಮ 2011ರಲ್ಲಿ ಬಂದಾಗ ಬಂದೂಕು ಉದ್ಯಮ ಕೋರ್ಟಿಗೆ ಹೋಗಿತ್ತು. ನಿಯಮ ಉಳಿಯಿತು.

ಇನ್ನೊಂದು ತಿದ್ದುಪಡಿ: ಮೆಕ್ಸಿಕೊದಲ್ಲಿ ಬಂದೂಕು ಸಂಪೂರ್ಣ ನಿಷೇಧ ಎನ್ನುವುದೂ ತಪ್ಪು. ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಅಲ್ಲಿನ ಸಂವಿಧಾನದ 10ನೇ ವಿಧಿಯಲ್ಲೇ ಇದೆ. ಕಾನೂನುಬದ್ಧ ಮಾರಾಟ ಮಾತ್ರ ಸೇನೆಯ ಕೈಯಲ್ಲಿದೆ.