ಬಸಿರು ಹೊತ್ತವರ ಲೆಕ್ಕ

ಸ್ಪೇನಿನ ಪಿರೆನೀಸ್ ಪರ್ವತಗಳಲ್ಲಿ ಬುಕಾರ್ಡೋ ಎಂಬ ಕಾಡುಮೇಕೆ ಇತ್ತು. ಆ ತಳಿಯ ಕೊನೆಯ ಹೆಣ್ಣು ಸೆಲಿಯಾ 2000ದ ಜನವರಿಯಲ್ಲಿ ಮರ ಮೈಮೇಲೆ ಬಿದ್ದು ಸತ್ತಿತು. ಹಿಂದಿನ ವರ್ಷವೇ ಅದರ ಕಿವಿಯಿಂದ ತೆಗೆದು ಕಾಪಿಟ್ಟಿದ್ದ ಚರ್ಮದ ಚೂರಿನಿಂದ ವಿಜ್ಞಾನಿಗಳು ತದ್ರೂಪಿ ಭ್ರೂಣಗಳನ್ನು ರೂಪಿಸಿ 57 ಹೆಣ್ಣುಮೇಕೆಗಳ ಗರ್ಭದಲ್ಲಿ ಇರಿಸಿದರು. ಬಸಿರು ನಿಂತದ್ದು ಏಳಕ್ಕೆ, ದಿನ ತುಂಬಿದ್ದು ಒಂದಕ್ಕೆ. 2003ರ ಜುಲೈನಲ್ಲಿ ಹೊಟ್ಟೆ ಕೊಯ್ದು ಹೊರತೆಗೆದ ಆ ಮರಿ, ಶ್ವಾಸಕೋಶದ ದೋಷದಿಂದ ಉಸಿರಾಡಲಾಗದೆ ಕೆಲವೇ ನಿಮಿಷಗಳಲ್ಲಿ ಪ್ರಾಣಬಿಟ್ಟಿತು.

ಒಂದೇ ತಳಿ ಎರಡು ಸಲ ಅಳಿಯಿತೆಂದು ಈ ಘಟನೆಯನ್ನು ನೆನೆಯುವವರಿದ್ದಾರೆ. ನನ್ನನ್ನು ಕಾಡುವುದು ಉಳಿದ 56 ಮೇಕೆಗಳು. ಅವುಗಳ ಸುದ್ದಿ ಯಾರೂ ಎತ್ತುವುದಿಲ್ಲ.

ಮನುಷ್ಯನೇ ಬೇಟೆಯಾಡಿ ಮುಗಿಸಿದ ಜೀವಿಯನ್ನು ಮರಳಿ ತರುವುದು ನಮ್ಮ ಋಣ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಾಲ ಮಾಡಿದವರು ನಾವಾಗಿರುವಾಗ, ಅದನ್ನು ತೀರಿಸಲು ಏನೂ ಅರಿಯದ ಇನ್ನೊಂದು ಪ್ರಾಣಿಯ ಒಡಲನ್ನು ಅಡವಿಡುವುದು ಯಾವ ನ್ಯಾಯ? ಮರಳಿ ಬರುವುದಾದರೂ ಹಳೆಯ ಜೀವಿಯೇ ಎನ್ನುವಂತಿಲ್ಲ. 2025ರಲ್ಲಿ ಕೊಲೊಸಲ್ ಬಯೋಸೈನ್ಸಸ್ ಕಂಪನಿ ಸಾವಿರಾರು ವರ್ಷಗಳ ಹಿಂದೆ ಅಳಿದ 'ಡೈರ್ ವುಲ್ಫ್' ತೋಳ ಎಂದು ತೋರಿಸಿದ್ದು, 14 ಜೀನ್‌ಗಳಲ್ಲಿ 20 ತಿದ್ದುಪಡಿ ಮಾಡಿದ ಬೂದು ತೋಳಗಳನ್ನು.

ಅದೇ ಕಂಪನಿಯ ಮುಂದಿನ ಗುರಿ ಮ್ಯಾಮತ್ ಎಂಬ, ಅಳಿದುಹೋದ ಉಣ್ಣೆಮೈಯ ಆನೆ. ಅದರ ಅತಿ ಹತ್ತಿರದ ಬಂಧು ಏಷ್ಯಾದ ಆನೆ; ಅದರ ಭ್ರೂಣವನ್ನು ಹೊರಬೇಕಾದದ್ದೂ ಈ ಆನೆಯೇ. ತಾನೇ ಅಳಿವಿನಂಚಿನಲ್ಲಿರುವ, 22 ತಿಂಗಳು ಬಸಿರು ಹೊರುವ ಪ್ರಾಣಿ. 2023ರ ಗಣತಿಯಲ್ಲಿ 6,395 ಆನೆಗಳನ್ನು ಅಂದಾಜಿಸಿದ ನಮ್ಮ ರಾಜ್ಯದವರಿಗೆ ಇದು ದೂರದ ಮಾತಲ್ಲ. ಸಕ್ರೆಬೈಲಿನ ಬಿಡಾರದಲ್ಲಿ ಒಂದು ಬೆಳಿಗ್ಗೆ ಮರಿಯೊಂದಿಗಿದ್ದ ತಾಯಾನೆಯನ್ನು ಹತ್ತಿರದಿಂದ ನೋಡಿದ್ದೆ. ಮಾವುತ ತುಂಗೆಯ ನೀರಿನಲ್ಲಿ ಅದರ ಬೆನ್ನುಜ್ಜುತ್ತಿದ್ದರೆ, ಅದರ ಸೊಂಡಿಲು ಮರಿಯ ಮೈಯನ್ನು ತಡವುತ್ತಲೇ ಇತ್ತು. ಮರಿ ಒಂದು ಹೆಜ್ಜೆ ಆಳಕ್ಕಿಳಿದರೂ ಮೆಲ್ಲನೆ ದಡದತ್ತ ದೂಡುತ್ತಿತ್ತು. ಅಂಥ ಎಷ್ಟು ತಾಯಂದಿರಲ್ಲಿ ಬಸಿರು ನಿಲ್ಲದೆ, ನಿಂತರೂ ಇಳಿದುಹೋಗಿ, ಕೊನೆಗೊಂದು ಮ್ಯಾಮತ್ ಮರಿ ಹುಟ್ಟಬೇಕು?

ಕೃತಕ ಗರ್ಭಕೋಶ ಬಂದರೆ ಈ ತೊಡಕೇ ಇರದು ಎನ್ನುತ್ತಾರೆ. ಹಾಗಿದ್ದರೆ ಅದು ಬರುವವರೆಗೆ ಕಾಯಲಿ. ಕೊನೆಯ ಮ್ಯಾಮತ್ ಸತ್ತು ಸುಮಾರು ನಾಲ್ಕು ಸಾವಿರ ವರ್ಷವಾಗಿದೆ. ಇನ್ನಷ್ಟು ದಶಕ ಕಳೆದರೆ ಅದಕ್ಕೆ ಆಗುವ ಹಾನಿ ಏನೂ ಇಲ್ಲ.