ಬಿದ್ದ ಮಗುವನ್ನು ಎತ್ತಬೇಡಿ ಅಂದರೆ ಬೈಸಿಕೊಳ್ಳಬೇಕು

ಬೇಸಿಗೆ ರಜೆ ಅಂದರೆ ಮಾವಿನ ಮರದ ಮೇಲೆ, ತಾರಸಿಯ ಮೇಲೆ, ಬಾವಿಕಟ್ಟೆಯ ಮೇಲೆ ಎಲ್ಲ ಕಡೆ ಮಕ್ಕಳೇ. ಯಾರಾದರೂ ಬಿದ್ದರೆ ನಮ್ಮಲ್ಲಿ ನಡೆಯುವುದು ಒಂದೇ. ಒಬ್ಬರು ಕಂಕುಳಿಗೆ ಕೈಹಾಕಿ ಎತ್ತುತ್ತಾರೆ. ಇನ್ನೊಬ್ಬರು ಚೊಂಬಿನಲ್ಲಿ ನೀರು ತರುತ್ತಾರೆ. ಮತ್ತೊಬ್ಬರು "ಎಲ್ಲಿ, ಎರಡು ಹೆಜ್ಜೆ ನಡಿ ನೋಡೋಣ" ಅಂತಾರೆ. ಆಮೇಲೆ ಆಟೋದಲ್ಲಿ ತೊಡೆ ಮೇಲೆ ಮುದುಡಿಸಿಕೊಂಡು ಆಸ್ಪತ್ರೆಗೆ ಓಟ. "ಸ್ವಲ್ಪ ತಡೀರಿ" ಅಂದವರಿಗೆ ಕರುಣೆಯೇ ಇಲ್ಲ ಅನ್ನುವ ಪಟ್ಟ!

ಆದರೆ ಎತ್ತರದಿಂದ ಬಿದ್ದ, ಆಳವಿಲ್ಲದ ನೀರಿಗೆ ತಲೆಕೆಳಗಾಗಿ ಹಾರಿದ, ಬೈಕ್ ಗುದ್ದಿದ ಮಗುವಿಗೆ ಇದೇ ದೊಡ್ಡ ಅಪಾಯ. ಕುತ್ತಿಗೆಯ ಮೂಳೆ ಮುರಿದಿದ್ದರೆ, ಎತ್ತಾಡುವಾಗ ಒಳಗಿನ ಬೆನ್ನುಹುರಿಗೂ ಪೆಟ್ಟಾಗಬಹುದು. ಹಾಗಾದರೆ ಕೈಕಾಲು ಸ್ವಾಧೀನ ತಪ್ಪಬಹುದು.

ಮೊದಲು 108ಕ್ಕೆ ಫೋನ್ ಮಾಡಿಸಿ. ಒಬ್ಬರು ತಲೆಯ ಹತ್ತಿರ ಮಂಡಿಯೂರಿ, ಎರಡೂ ಕಡೆಯಿಂದ ತಲೆಯನ್ನು ಇದ್ದ ಹಾಗೇ ಹಿಡಿದುಕೊಳ್ಳಲಿ. ಎಳೆಯುವುದು, ನೆಟ್ಟಗೆ ಮಾಡುವುದು ಬೇಡ. ಅಮ್ಮನೋ ಅಜ್ಜಿಯೋ ಮಗುವಿನ ಕಣ್ಣಿಗೆ ನೇರವಾಗಿ ಕಾಣುವ ಹಾಗೆ ಕೂತು ಮಾತಾಡಲಿ. ಪಕ್ಕದಿಂದ ಕರೆದರೆ ಮಗು ಆ ಕಡೆ ಕತ್ತು ತಿರುಗಿಸುತ್ತೆ, ಅಲ್ವಾ? ತುಂಬಾ ಕೊಸರಾಡಿದರೆ ಅದುಮಿ ಹಿಡಿಯಬೇಡಿ, ಅದರಿಂದ ಕುತ್ತಿಗೆಗೆ ಇನ್ನೂ ಜಾಸ್ತಿ ಒತ್ತಡ. ನೀರು, ತಿಂಡಿ ಏನೂ ಬೇಡ.

ವಾಂತಿ ಬಂದರೆ ಮೂರು ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ ಒಟ್ಟಿಗೇ ಬರುವ ಹಾಗೆ, ಮರದ ದಿಮ್ಮಿ ಹೊರಳಿಸಿದಂತೆ ಪಕ್ಕಕ್ಕೆ ಹೊರಳಿಸಿ. ಉಸಿರೇ ಇಲ್ಲದಿದ್ದರೆ ಕುತ್ತಿಗೆಯ ಚಿಂತೆ ಆಮೇಲೆ, ಎದೆ ಒತ್ತಿ, ಬಾಯಿಂದ ಉಸಿರು ಕೊಡುವ ಸಿಪಿಆರ್ ಮೊದಲು. ಬೆಂಕಿ, ನೀರು, ಓಡಾಡುವ ಗಾಡಿಗಳ ನಡುವೆ ಇದ್ದರೂ ಜಾಗ ಬದಲಿಸಲೇಬೇಕು.

ತಲೆಗೆ ದಿಂಬು ಕೊಡುವ ಅಭ್ಯಾಸವೂ ಬಿಡಬೇಕು. ಸುಮಾರು 8 ವರ್ಷದವರೆಗೆ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಸುಮ್ನೆ ನೆಲದ ಮೇಲೆ ಮಲಗಿದರೂ ಕುತ್ತಿಗೆ ಮುಂದಕ್ಕೆ ಬಾಗುತ್ತೆ. ಅದಕ್ಕೇ ತರಬೇತಿ ಪಡೆದವರು ಹಲಗೆಯ ಮೇಲೆ ಮಲಗಿಸುವಾಗ ಭುಜ, ಬೆನ್ನಿನ ಕೆಳಗೆ ಮಡಚಿದ ಬಟ್ಟೆ ಇಡುತ್ತಾರೆ.

"ಎಕ್ಸ್‌ರೇ ನಾರ್ಮಲ್ ಬಂತು" ಅಂತ ನಿಟ್ಟುಸಿರು ಬಿಡುವವರಿಗೆ ಇನ್ನೊಂದು ಮಾತು. ಮಕ್ಕಳ ಮೂಳೆಗಂಟುಗಳು ಸಡಿಲ, ಮೂಳೆ ಮುರಿಯದೆಯೂ ಬೆನ್ನುಹುರಿ ಜಗ್ಗಿ ಪೆಟ್ಟಾಗಬಹುದು. ವೈದ್ಯರು 1982ರಲ್ಲೇ ಇದಕ್ಕೆ ಸ್ಕಿವೋರಾ ಅಂತ ಹೆಸರಿಟ್ಟರು. ಲಕ್ಷಣ ಕೆಲವು ಗಂಟೆ, ಕೆಲವೊಮ್ಮೆ ದಿನಗಳ ನಂತರವೂ ಕಾಣಿಸಬಹುದು. ಬಿದ್ದಾಗ ಕೈಕಾಲು ಒಂದು ಕ್ಷಣ ಜುಮ್ಮೆಂದಿತ್ತು ಅಂತ ಮಗು ಹೇಳಿದರೂ ಡಾಕ್ಟರಿಗೆ ತಿಳಿಸಿ. ಎಂಆರ್‌ಐ ಬೇಕಾ ಅಂತ ಅವರು ನೋಡುತ್ತಾರೆ.